ತಿಂಗಳು ಬಿಟ್ಟೆ, ಮಳೆ ನಕ್ಷತ್ರ ಹಿಡಿದೆ: ಜೇನು ಹಾಡಿನ ಲೆಕ್ಕದಲ್ಲಿ ನನ್ನ ಅನುಭವ

"ವಯಸ್ಸಾದವರ ನೆನಪನ್ನು ಡೇಟಾ ಅಂತ ಹೇಗೆ ಒಪ್ಪೋದು?" ಹವಾಮಾನ ಬದಲಾದರೆ ಕಾಡಂಚಿನ ಜನರ ಬದುಕಿಗೆ ಏನಾಗುತ್ತದೆ ಅಂತ ಹಿರಿಯರ ನೆನಪು ಹಿಡಿದು ಲೆಕ್ಕ ಹಾಕಲು ಹೊರಟಾಗ, ಮೈಸೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಹೀಗೆ ಕೇಳಿದ್ದರು. ಈಗ ಅವರೇ ನನ್ನ ಲೆಕ್ಕದ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಚ್.ಡಿ. ಕೋಟೆ ಕಾಡಂಚಿನ ಮೂರು ಜೇನುಕುರುಬರ ಹಾಡಿಗಳಲ್ಲಿ (ಬುಡಕಟ್ಟಿನವರ ಚಿಕ್ಕ ಊರುಗಳಲ್ಲಿ) ನನ್ನ ಕೆಲಸ. ಮಳೆ, ಬಿಸಿಲು ಬದಲಾದರೆ ಅವರ ಜೇನು, ಹಾಡು, ಪೂಜೆಗೆ ಏನಾಗುತ್ತದೆ ಅನ್ನುವುದು ಪ್ರಶ್ನೆ. ನಾಲ್ಕು ವರ್ಷ ಹಿಡಿಯಿತು. ಮೊದಲ ಎರಡು ವರ್ಷ ಪೂರ್ತಿ ದಂಡ.

ಎಲ್ಲರಂತೆ ನಾನೂ ಹವಾಮಾನ ಇಲಾಖೆಯ ಗ್ರಿಡ್ ಡೇಟಾ, ಅಂದರೆ ನಕ್ಷೆಯನ್ನು ಚೌಕ ಚೌಕ ಮಾಡಿ ಒಂದೊಂದಕ್ಕೂ ಕೊಡುವ ಲೆಕ್ಕ, ಇಳಿಸಿಕೊಂಡೆ. ಮಳೆ 1901ರಿಂದ, ಉಷ್ಣಾಂಶ 1951ರಿಂದ. ವರ್ಷದ ಮೊತ್ತ ಹಾಕಿ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ನೋಡುವ ಮ್ಯಾನ್-ಕೆಂಡಾಲ್ ಪರೀಕ್ಷೆ ಓಡಿಸಿದೆ. ಕೈಗೆ ಗಟ್ಟಿಯಾಗಿ ಏನೂ ಸಿಗಲಿಲ್ಲ. ತಿಂಗಳುವಾರು ಹಾಕಿದರೂ ಅಷ್ಟೇ. ಮಳೆಯ ಒಂದು ಚೌಕ ಸುಮಾರು 27 ಕಿ.ಮೀ. ಕೇರಳ ಗಡಿಯ ಡಿ.ಬಿ. ಕುಪ್ಪೆಯಿಂದ ಸರಗೂರಿನ ಕಡೆ ಅಷ್ಟು ದೂರ ಬಂದರೆ ಮಳೆಯೇ ಬೇರೆ, ಅಲ್ವಾ? ಉಷ್ಣಾಂಶದ ಚೌಕವಂತೂ 110 ಕಿ.ಮೀ. ಹತ್ತಿರ. ಮೈಸೂರಿನ ಬಿಸಿಲು, ವಯನಾಡಿನ ತಂಪು ಎಲ್ಲಾ ಅದರೊಳಗೇ ಕಲಸಿಹೋಗುತ್ತದೆ. ಹಾಡಿಯ ಮಟ್ಟಕ್ಕೆ ಅದು ಆಗಲ್ಲ.

ದಾರಿ ತೋರಿಸಿದ್ದು ಒಬ್ಬ ಅಜ್ಜಿ. "ನಿಮ್ ಏಪ್ರಿಲ್ ಮೇ ನಂಗೆ ತಿಳೀದು ಸಾ. ಭರಣಿ ಹುಯ್ತಾ ಇಲ್ವಾ ಅಂತ ಕೇಳಿ" ಅಂದರು. ಅವತ್ತೇ ತಿಂಗಳು ಬಿಟ್ಟೆ. ದಿನದ ಮಳೆಯನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಕತ್ತರಿಸಿದೆ. ಇತ್ತೀಚಿನ ವರ್ಷಗಳಿಗೆ ಪಂಚಾಯಿತಿ ಮಳೆಮಾಪಕದ ಲೆಕ್ಕ ಸೇರಿಸಿದೆ. ಒಂದು ಎಚ್ಚರಿಕೆ: ಸುಮಾರು 70 ವರ್ಷಕ್ಕೆ ಮಳೆ ನಕ್ಷತ್ರದ ತಾರೀಖು ಒಂದು ದಿನ ಮುಂದೆ ಜರುಗುತ್ತದೆ. ಹಳೆಯ ಡೇಟಾಗೆ ಅದನ್ನು ಸರಿಮಾಡಿಕೊಳ್ಳಿ.

ಇನ್ನೊಂದು ಕಾಲಂನಲ್ಲಿ ಜೇನಿನ ಕೆ.ಜಿ. ಹಾಕಲಿಲ್ಲ. ಹೆಜ್ಜೇನು ಕೀಳುವ ಮುಂಚೆ ಹಾಡು ಹೇಳುವ ಪದ್ಧತಿ ಇದೆ. ಆ ವರ್ಷ ಮರದ ಕೆಳಗೆ ಹಾಡಿದರಾ, ಇಲ್ಲವಾ? ಅಷ್ಟೇ ಬರೆದೆ. ಜೇನು ಇಲ್ಲದ ವರ್ಷ ಆ ಹಾಡಿಗೆ ಜಾಗವಿಲ್ಲ. ಹುಡುಗರು ಕಲಿಯುವುದೂ ಅಲ್ಲೇ. ಎರಡು ಮೂರು ವರ್ಷ ಸಾಲಾಗಿ ತಪ್ಪಿದರೆ ಒಂದು ಗುಂಪಿನ ಹುಡುಗರೇ ಕಲಿಯದೆ ಉಳಿಯುತ್ತಾರೆ. ನನಗೆ ನಿದ್ದೆ ಕೆಡಿಸಿದ್ದು ಇದು.

ನಂಬಿಕೆ ಬಂದಿದ್ದು 2022ರಿಂದ. ವರ್ಷದ ಮೊತ್ತ ನೋಡಿದರೆ ಒಳ್ಳೇ ಮಳೆಯ ವರ್ಷ. ಹಾಡಿಯವರು ಮಾತ್ರ "ಆ ವರ್ಸ ಜೇನೆಲ್ಲಾ ನೀರು" ಅಂದರು. ಮೇ ತಿಂಗಳ ಮಳೆ ತೆಗೆದು ನೋಡಿದೆ. ಭರಣಿ, ಕೃತ್ತಿಕೆ ಎರಡೂ ಸುರಿದಿದ್ದವು. ಹೂ ಉದುರಿತ್ತು, ಜೇನು ತಟ್ಟಿ ತುಂಬಿರಲಿಲ್ಲ. 2016ರಲ್ಲಿ ತಿರುಗಾಮುರುಗಾ, ಬರಕ್ಕೆ ಹೂವೇ ಇಲ್ಲ. ಎರಡೂ ವರ್ಷ ಹಾಡು ನಿಂತಿತ್ತು. ಮೊತ್ತದಲ್ಲಿ ಕಾಣದ್ದು ನಕ್ಷತ್ರದಲ್ಲಿ ಕಂಡಿತು. ಇದನ್ನು ನಮ್ಮ ಕಡೆ ಇಷ್ಟು ನೇರವಾಗಿ ತೋರಿಸಿದವರನ್ನು ನಾನು ನೋಡಿಲ್ಲ.

ಎಲ್ಲಾ ತಪ್ಪನ್ನೂ ಮಳೆಯ ತಲೆಗೆ ಕಟ್ಟಬೇಡಿ. ಅವರನ್ನು ಕಾಡಿಗೆ ಬಿಡದ ವರ್ಷ, ಎಲ್ಲರೂ ಕೊಡಗಿನ ತೋಟಕ್ಕೆ ಕೂಲಿಗೆ ಹೋದ ವರ್ಷ, ಲಂಟಾನ ಕಳೆ ದಾರಿ ಮುಚ್ಚಿದ ಜಾಗ, ಇವಕ್ಕೆಲ್ಲ ಬೇರೆ ಕಾಲಂ ಬೇಕು. ಬಿದಿರಿನಲ್ಲಿ ನಾನು ಹೀಗೇ ಎಡವಿದ್ದೆ. ಬುಟ್ಟಿ ಹೆಣೆಯುವುದು ನಿಂತಿದ್ದಕ್ಕೆ ಬರ ಕಾರಣ ಅಂತ ಬರೆದುಬಿಟ್ಟಿದ್ದೆ. ಬಿದಿರು ತನ್ನ ಕಾಲ ಬಂದು ಹೂಬಿಟ್ಟು ಸತ್ತಿತ್ತು. ಆರು ತಿಂಗಳ ಕೆಲಸ ಅಳಿಸಿದೆ.

ದುಡ್ಡು ಒಟ್ಟು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ. ಒಂದು ಸಂಸ್ಥೆ ಕೊಡುತ್ತೇನೆ ಅಂದಿದ್ದರಲ್ಲಿ ಅರ್ಧ ಮಾತ್ರ ಬಂತು. ಮಾತಿಗೆ ಕೂತ ಹಿರಿಯರಿಗೆ ದಿನಕ್ಕೆ 500 ಕೊಟ್ಟೆ. ಅವರು ಅವತ್ತಿನ ಕೂಲಿ ಬಿಟ್ಟು ಕೂರುತ್ತಾರೆ, ಸುಮ್ನೆ ಕೂರಿಸುವುದು ಅನ್ಯಾಯ. ಉಷ್ಣಾಂಶವನ್ನು ತಾನೇ ದಾಖಲಿಸುವ ಲಾಗರ್ ಎರಡು ತಂದೆ, ಒಂದೊಂದು ಐದೂವರೆ ಸಾವಿರ. ಒಂದನ್ನು ಕೋತಿ ಕಿತ್ತುಕೊಂಡು ಹೋಯಿತು. ಉಳಿದದ್ದನ್ನು ಒಂದು ವಾರ ಹುಲ್ಲಿನ ಮನೆಯಲ್ಲಿ, ಮುಂದಿನ ವಾರ ಶೀಟ್ ಮನೆಯಲ್ಲಿ ಕಟ್ಟಿದೆ. ಮಧ್ಯಾಹ್ನ ನಾಲ್ಕೈದು ಡಿಗ್ರಿ ವ್ಯತ್ಯಾಸ. ವಾರ ಬೇರೆ ಬೇರೆ, ಅದಕ್ಕೆ ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ.

ಹಿರಿಯರಿಂದ ಸರಿಯಾದ ವರ್ಷ ಹೇಗೆ ಹೊರಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಎದುರು ಕೂತರೆ ಹೇಳುತ್ತೇನೆ. ಜೇನು ಕಟ್ಟುವ ಮರಗಳ ಜಾಗವನ್ನು ಮಾತ್ರ ಯಾರಿಗೂ ಕೊಡಲ್ಲ. ಹಾಡುಗಳ ರೆಕಾರ್ಡಿಂಗ್ ನನ್ನ ಹತ್ತಿರ ಇಲ್ಲ. ಮೆಮೊರಿ ಕಾರ್ಡ್ ಹಾಡಿಯ ಯಜಮಾನರ ಟ್ರಂಕಿನಲ್ಲಿದೆ, ಬೇಕಾದವರು ಅವರನ್ನೇ ಕೇಳಬೇಕು.