ಹವಳದ ತೊಟ್ಟಿಯಲ್ಲಿ ಹಠಮಾರಿ ಪಾಚಿಯೇ? ಮೊದಲು ನಿಮ್ಮ ನೀರು ನೋಡಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವವರು ಮೈಸೂರು, ಮಂಡ್ಯದಲ್ಲೂ ಇದ್ದಾರೆ. ಕಡಲು ಇಲ್ಲಿಂದ ದೂರ. ಹಾಗಾಗಿ ತೊಟ್ಟಿಗೆ ಹಾಕುವ ಪ್ರತಿ ಲೀಟರ್ ನೀರನ್ನೂ ಮನೆಯಲ್ಲೇ ಉಪ್ಪು ಕಲಸಿ ತಯಾರಿಸಬೇಕು. ಎಷ್ಟು ಉಜ್ಜಿದರೂ ವಾರದೊಳಗೆ ಪಾಚಿ ಮತ್ತೆ ಬರುತ್ತಿದ್ದರೆ, ಅದಕ್ಕೆ ಎಲ್ಲಿಂದಲೋ ಊಟ ಸಿಗುತ್ತಿದೆ ಎಂದೇ ಅರ್ಥ. ಆ ದಾರಿ ಯಾವುದು ಎಂದು ಹುಡುಕಿ ಮುಚ್ಚಬೇಕು. ಔಷಧಿ ಬಾಟಲಿಯ ಮಾತು ಆಮೇಲೆ.

ಯಾವ ಪಾಚಿ ಎಂದು ಗುರುತಿಸಿ

ಹೊಸ ತೊಟ್ಟಿಯ ಮರಳಿನ ಮೇಲೆ ಕಂದು ಪುಡಿ ಉದುರಿದ ಹಾಗೆ ಕಂಡರೆ ಅದು ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ತಿಂದು ಬೆಳೆಯುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಗಾಬರಿ ಬೇಡ.

ಕಲ್ಲಿಗೆ ಅಂಟಿದ ಉದ್ದನೆಯ ಹಸಿರು ಎಳೆಗಳು ಹೇರ್ ಆಲ್ಗೆ. ಹೆಚ್ಚು ಜನರಿಗೆ ತಲೆನೋವು ಕೊಡುವುದು ಇದೇ. ಕೆಂಪು ಅಥವಾ ನೇರಳೆ ಲೋಳೆ ಪದರದಂತೆ ಎದ್ದು ಬಂದರೆ ಅದು ಸಯನೋಬ್ಯಾಕ್ಟೀರಿಯಾ. ಪಾಚಿಯಂತೆ ಕಂಡರೂ ಅದು ಬ್ಯಾಕ್ಟೀರಿಯಾ. ನೀರಿನ ಹರಿವು ಕಡಿಮೆ ಇರುವ, ಕಸ ಕೂರುವ ಮೂಲೆಯಲ್ಲಿ ಜಾಸ್ತಿ. ಹೊಳೆಯುವ ಹಸಿರು ಗುಳ್ಳೆಗಳು ವಲೋನಿಯಾ. ಇವನ್ನು ತೊಟ್ಟಿಯೊಳಗೆ ಒಡೆಯದೆ ಇಡಿಯಾಗಿ ಬಿಡಿಸಿ ತೆಗೆಯಿರಿ.

ಕಲ್ಲಿನ ಮೇಲೆ ಗುಲಾಬಿ ಬಣ್ಣದ ಗಟ್ಟಿ ಪದರ ಹರಡುತ್ತಿದ್ದರೆ ಉಜ್ಜಬೇಡಿ. ಅದು ಕೋರಲೈನ್ ಪಾಚಿ, ಆರೋಗ್ಯವಂತ ತೊಟ್ಟಿಯಲ್ಲಿ ಇರಬೇಕಾದದ್ದೇ.

ನೀರಿನ ಮೂಲ ಪರೀಕ್ಷಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಭಾಗದ ಅರ್ಧ ತೊಂದರೆ ಇಲ್ಲೇ ಶುರುವಾಗುತ್ತದೆ ಎಂಬುದು ನನ್ನ ಅನಿಸಿಕೆ. ಮೈಸೂರಿನ ನಲ್ಲಿಗೆ ಕಾವೇರಿ, ಕಬಿನಿ ನೀರು ಬರುತ್ತದೆ. ಅದು ನಮಗೆ ಕುಡಿಯಲು ಚೆನ್ನ. ಆದರೆ ಅದರಲ್ಲಿರುವ ಕ್ಲೋರಿನ್, ಸಿಲಿಕೇಟ್‌ನಂಥವು ಹವಳದ ತೊಟ್ಟಿಗೆ ಬೇಡ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಮಂಡ್ಯದ ಸುತ್ತ ಕಬ್ಬು, ಭತ್ತದ ಗದ್ದೆಗಳೇ ಅಲ್ವಾ? ಗದ್ದೆಗೆ ಹಾಕಿದ ಯೂರಿಯಾ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯಬಹುದು. ಅಂಥ ನೀರಿನಲ್ಲಿ ಉಪ್ಪು ಕಲಸಿದರೆ ಪಾಚಿಗೆ ಗೊಬ್ಬರವನ್ನೂ ಜೊತೆಗೇ ಕೊಟ್ಟಂತೆ.

ಅಡುಗೆಮನೆಯ ಆರ್‌ಒ ನೀರು ಸಾಕು ಎಂದುಕೊಳ್ಳಬೇಡಿ. ಎಷ್ಟೋ ಯಂತ್ರಗಳು ರುಚಿಗಾಗಿ ಖನಿಜವನ್ನು ಮತ್ತೆ ಸೇರಿಸುತ್ತವೆ. ಆರ್‌ಒ ನಂತರ, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಫಿಲ್ಟರ್ ಬೇಕು. ಹೊರಬರುವ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣ ಅಳೆಯುವ) ಮೀಟರ್ 0 ತೋರಿಸಬೇಕು. ಅಂಕಿ ಮೇಲೇರಲು ಶುರುವಾದರೆ ರೆಸಿನ್ ಬದಲಿಸಿ.

ಈ ನೀರಿಗೆ ಹವಳದ ತೊಟ್ಟಿಗೆಂದೇ ಸಿಗುವ ರೀಫ್ ಉಪ್ಪನ್ನೇ ಕಲಸಿ. ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರಿಂದ 1.026ರ ನಡುವೆ ಇರಲಿ. ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು ಬೇಗ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ತುಂಬಿಸುವಾಗ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಿ.

ಅಳೆಯಿರಿ, ಆದರೆ ಕಣ್ಣನ್ನೂ ನಂಬಿ

ಪಾಚಿಯ ಮುಖ್ಯ ಊಟ ನೈಟ್ರೇಟ್ ಮತ್ತು ಫಾಸ್ಫೇಟ್. ನೈಟ್ರೇಟ್ 2ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಹೆಚ್ಚಿನ ಹವಳಗಳಿಗೆ ಸರಿ. ಕಲ್ಲು ತುಂಬಾ ಹಸಿರು ಎಳೆ ಇದ್ದೂ ಪರೀಕ್ಷಾ ಕಿಟ್ ಸೊನ್ನೆ ತೋರಿಸಬಹುದು. ನೀರಿಗೆ ಸೇರಿದ್ದನ್ನು ಪಾಚಿ ಆಗಿಂದಾಗಲೇ ಹೀರಿಕೊಳ್ಳುತ್ತಿರುತ್ತದೆ, ಅಷ್ಟೇ. ಆ ಸೊನ್ನೆ ನೋಡಿ ನೀರು ಶುದ್ಧವಾಗಿದೆ ಎಂದು ಸುಮ್ನೆ ಕೂರಬೇಡಿ.

ಕೈಯಿಂದ ಕೀಳಿ

ಪಂಪ್ ನಿಲ್ಲಿಸಿ, ಎಳೆಗಳನ್ನು ಬುಡದಿಂದ ಕಿತ್ತು ಸಣ್ಣ ಪೈಪಿನಿಂದ ನೀರಿನ ಜೊತೆಗೇ ಹೊರಗೆಳೆಯಿರಿ. ತೆಗೆಯಬಹುದಾದ ಕಲ್ಲನ್ನು ತೊಟ್ಟಿಯದೇ ನೀರಿರುವ ಬಕೆಟ್‌ನಲ್ಲಿಟ್ಟು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಿತ್ತ ಪಾಚಿ ತೊಟ್ಟಿಯಲ್ಲೇ ಕೊಳೆತರೆ ಅದು ಹೀರಿದ್ದೆಲ್ಲ ನೀರಿಗೆ ವಾಪಸ್. ಕಿತ್ತ ದಿನವೇ ಶೇ 10ರಿಂದ 15ರಷ್ಟು ನೀರು ಬದಲಿಸಿ.

ಊಟ ಮತ್ತು ಬೆಳಕು

ಫ್ರೋಜನ್ ಆಹಾರವನ್ನು ಕರಗಿಸಿ, ಜರಡಿಯಲ್ಲಿ ತೊಳೆದು ಹಾಕಿ. ಮೀನು ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟೇ ಕೊಡಿ. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುವ ಅಭ್ಯಾಸ ಇದ್ದರೆ ಪ್ರೀತಿಯಿಂದಲೇ ನಿಲ್ಲಿಸಿ. ಲೈಟು ದಿನಕ್ಕೆ ಸುಮಾರು 8 ಗಂಟೆ ಸಾಕು. ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ನೊರೆಯ ಜೊತೆ ಕೊಳೆ ಹೊರತೆಗೆಯುವ ಸ್ಕಿಮ್ಮರ್‌ನ ಕಪ್ ಆಗಾಗ ತೊಳೆಯಿರಿ.

ಪಾಚಿ ತಿನ್ನುವವರನ್ನು ಬಿಡಿ

ಟರ್ಬೊ, ಟ್ರೋಕಸ್ ಬಸವನಹುಳುಗಳು ಗಿಡ್ಡ ಪಾಚಿಯನ್ನು ಚೆನ್ನಾಗಿ ಮೇಯುತ್ತವೆ. ಉದ್ದ ಎಳೆಗಳನ್ನು ನೀವೇ ಕಿತ್ತ ಮೇಲೆ ಬಿಟ್ಟರೆ ಹೆಚ್ಚು ಲಾಭ. ಅವು ಬಂದ ನೀರಿಗೆ ನಿಮ್ಮ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಸೇರಿಸಿ ಒಗ್ಗಿಸಿ. ತಾಮ್ರ ಇರುವ ಮೀನಿನ ಔಷಧಿ ತೊಟ್ಟಿಗೆ ಬಿದ್ದರೆ ಇವು ಸಾಯುತ್ತವೆ, ಹವಳವೂ ಉಳಿಯದು. ಟ್ಯಾಂಗ್ ಮೀನು ಪಾಚಿ ತಿನ್ನುತ್ತದೆ ನಿಜ. ಆದರೆ ಅದಕ್ಕೆ ಈಜಲು ಜಾಗ ಬೇಕು. ಎರಡಡಿ ತೊಟ್ಟಿಯಲ್ಲಿ ಅದನ್ನು ಕೂಡಿಹಾಕುವುದು ಹಿಂಸೆ.

ಇಷ್ಟಾದರೂ ಫಾಸ್ಫೇಟ್ ಇಳಿಯದಿದ್ದರೆ ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಕಾಳು) ಬಳಸಬಹುದು. ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧದಿಂದ ಶುರುಮಾಡಿ. ಫಾಸ್ಫೇಟ್ ದಿಢೀರನೆ ಕುಸಿದರೆ ಹವಳ ಬಿಳಿಚಿಕೊಳ್ಳುತ್ತದೆ. ಒಂದು ಬದಲಾವಣೆ ಮಾಡಿ, ಎರಡು ವಾರ ನೋಡಿ, ಆಮೇಲೆ ಮುಂದಿನದು. ಸಯನೋಗೆ ಔಷಧಿ ಹಾಕಲೇಬೇಕಾದರೆ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಕಡ್ಡಾಯ, ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್‌ಪಂಪ್ ಮೊದಲೇ ಇಟ್ಟುಕೊಳ್ಳಿ.

ಈ ಒಂದಕ್ಕೆ ದಾರಿ ಬೇರೆ

ಕಂದು ಲೋಳೆ ದಾರ ದಾರವಾಗಿ, ಗಾಳಿಗುಳ್ಳೆ ಹಿಡಿದುಕೊಂಡು, ರಾತ್ರಿ ಕಡಿಮೆಯಾಗಿ ಹಗಲು ಮತ್ತೆ ಬರುತ್ತಿದ್ದರೆ ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ತೊಟ್ಟಿಯಲ್ಲೇ ಇದು ಹೆಚ್ಚಾಗಿ ತಲೆ ಎತ್ತುತ್ತದೆ. ಮೇಲೆ ಹೇಳಿದಂತೆ ನೀರು ಬದಲಿಸಿ, ಊಟ ಕಡಿಮೆ ಮಾಡಿದರೆ ಇನ್ನಷ್ಟು ಹಬ್ಬಬಹುದು. ಜಿಎಫ್‌ಒ ತೆಗೆಯಿರಿ. ನೀರು ಬದಲಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ. ಎರಡೂ ಅಂಶಗಳನ್ನು ಮೇಲೆ ಹೇಳಿದ ಮಟ್ಟಕ್ಕೆ ನಿಧಾನವಾಗಿ ಏರಿಸಿ. ಇದರ ಕೆಲವು ಜಾತಿಗಳು ವಿಷಕಾರಿ. ಬಸವನಹುಳುಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಹೊಸದನ್ನು ತಂದು ಬಿಡಬೇಡಿ. ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಆ ಲೋಳೆಯನ್ನು ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿಕೊಂಡು ಹೊರಗೆಳೆಯಿರಿ.