2.4ರ ಜಾಗಕ್ಕೆ 2.8: ನನ್ನ ಡಾಟ್ಸನ್ ಕಥೆ

ನನ್ನದು 1972ರ ಡಾಟ್ಸನ್ 240ಝಡ್, ಜಪಾನಿನ ನಿಸಾನ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು. ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ಅರ್ಧ ಗ್ಯಾರೇಜು ಅದಕ್ಕೇ ಹೋಗಿದೆ. ಒಳಗಿದ್ದದ್ದು ಎಲ್24 ಎಂಜಿನ್, ಸಾಲಾಗಿ ಆರು ಸಿಲಿಂಡರ್, 2393 ಸಿಸಿ, ಅಂದರೆ 2.4 ಲೀಟರ್. ನಡುಕ ಇಲ್ಲದ, ಮೆತ್ತಗೆ ಓಡುವ ಎಂಜಿನ್. ಆದರೂ ದಿಬ್ಬ ಹತ್ತುವಾಗ ಇನ್ನೊಂಚೂರು ದಮ್ಮು ಇರಬೇಕಿತ್ತು ಅನಿಸುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಹಾಗಾಗಿ ಎಂಜಿನ್ ಬದಲಿಸಲು ಕೈ ಹಾಕುವ ಧೈರ್ಯ ಬಂತು.

ಇದೇ ಸಾಲಿನ ನಂತರದ ಕಾರು 280ಝಡ್‌ಎಕ್ಸ್‌ನ 2753 ಸಿಸಿ (2.8 ಲೀಟರ್) ಎಲ್28 ಸಿಕ್ಕಿತು. ಅದೇ ಮನೆತನದ ಎಂಜಿನ್, ಅದೇ ಮೌಂಟ್‌ಗಳ ಮೇಲೆ ಕೂರುತ್ತದೆ. ಕೂರಿಸುವ ಕೆಲಸ ಸಲೀಸು. ಕೆಟ್ಟದ್ದು ನನ್ನ ದುರಾಸೆ.

ಅದರ ಎಫ್54 ಬ್ಲಾಕ್‌ನಲ್ಲಿ (ಸಿಲಿಂಡರ್‌ಗಳಿರುವ ಕೆಳಭಾಗ) ಪಿಸ್ಟನ್‌ಗಳ ತಲೆ ಚಪ್ಪಟೆ. ಜೊತೆಗೆ ಬಂದ ಪಿ79 ಹೆಡ್‌ನಲ್ಲಿ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಕಂಪ್ರೆಷನ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವುದು, 8.8 ಮಾತ್ರ. ನನ್ನ ಹಳೆಯ ಇ88 ಹೆಡ್‌ನ ಚೇಂಬರ್ (ಮಿಶ್ರಣ ಉರಿಯುವ ಜಾಗ) ಚಿಕ್ಕದು. ಅದನ್ನು ಕೂರಿಸಿದೆ, ಕಂಪ್ರೆಷನ್ ಹತ್ತು ದಾಟಿತು. ಮೊದಲ ದಿನ ಕಾರು ಹಾರಿತು. ಎರಡನೇ ದಿನ ಬಿಸಿಲಲ್ಲಿ ದಿಬ್ಬ ಹತ್ತುವಾಗ ಡಬ್ಬದಲ್ಲಿ ಕಡಲೆಬೀಜ ಅಲ್ಲಾಡಿಸಿದಂಥ ಸದ್ದು. ನಾಕಿಂಗ್! ಅಂದರೆ ಒತ್ತಡಕ್ಕೆ, ಬಿಸಿಗೆ ಮಿಶ್ರಣ ತಾನಾಗೇ ಸಿಡಿಯುವುದು. ಇಲ್ಲಿನ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆ ಪೆಟ್ರೋಲ್ ಅಂದರೆ 91 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ), ಈ ಕಂಪ್ರೆಷನ್‌ಗೆ ಅದು ಸಾಲಲಿಲ್ಲ. ಕಿಡಿ ತುಸು ತಡವಾಗಿ ಹಾರುವಂತೆ ಟೈಮಿಂಗ್ ಹಿಂದಕ್ಕೆ ತಿರುಗಿಸಿದೆ. ಸದ್ದು ಹೋಯಿತು, ದಮ್ಮೂ ಹೋಯಿತು.

ಸರಿ, ಹೆಡ್ ಬಿಚ್ಚಿ ಪಿ79 ಹಾಕೋಣ ಅಂತ ಶನಿವಾರ ಕೂತೆ. ಕ್ಯಾಮ್ ಗೇರ್ (ವಾಲ್ವ್ ತೆರೆಯುವ ದಂಡದ ಹಲ್ಲುಚಕ್ರ) ಬಿಚ್ಚುವ ಮೊದಲು ಅದನ್ನು ತಿರುಗಿಸುವ ಟೈಮಿಂಗ್ ಚೈನಿನ ಎರಡು ಎಳೆಗಳ ನಡುವೆ ಮರದ ಬೆಣೆ ಬಡಿಯಬೇಕು. ಮರೆತೆ. ಚೈನ್ ಸಡಿಲವಾದ ಕೂಡಲೇ ಅದನ್ನು ಬಿಗಿಯಾಗಿಡುವ ಕೆಳಗಿನ ಟೆನ್ಷನರ್ ಟಕ್ ಅಂತ ಹೊರಗೆ ಬಂತು. ಅದನ್ನು ವಾಪಸ್ ತಳ್ಳಲು ಮುಂದಿನ ಕವರ್ ಇಡೀ ಬಿಚ್ಚಬೇಕು, ಅದಕ್ಕೆ ಮೊದಲು ರೇಡಿಯೇಟರ್, ಪುಲ್ಲಿ ಎಲ್ಲಾ ಇಳಿಸಬೇಕು. ಒಂದು ಕಡ್ಡಿ ಮರದ ಖರ್ಚು ಉಳಿಸಿದ್ದಕ್ಕೆ ಎರಡು ವಾರಾಂತ್ಯ ದಂಡ. ಈಗ ಆ ಬೆಣೆ ನನ್ನ ಟೂಲ್‌ಬಾಕ್ಸಿನಲ್ಲಿ ಸ್ಪ್ಯಾನರ್‌ಗಳಿಗಿಂತ ಮೇಲೆ ಇರುತ್ತದೆ.

ಪಿ79 ಹಾಕಿದ ಮೇಲೆ ವಾಲ್ವ್ ಗ್ಯಾಪ್ ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್‌ಗೆ 0.25, ಎಕ್ಸಾಸ್ಟ್‌ಗೆ 0.30 ಮಿಮೀ ಇಟ್ಟೆ. ಪಾಯಿಂಟ್ಸ್ (ಯಾಂತ್ರಿಕ ಸ್ವಿಚ್) ಇದ್ದ, ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದೆ.  ಅದಿರಲಿ.

ನಿಜವಾದ ಬದಲಾವಣೆ ಕಂಡದ್ದು ಗಾಳಿಗೆ ಪೆಟ್ರೋಲ್ ಬೆರೆಸುವ ಅವಳಿ ಹಿಟಾಚಿ ಕಾರ್ಬ್ಯುರೇಟರ್‌ಗಳನ್ನು ಸಮ ಮಾಡಿದಾಗ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಎರಡರದ್ದೂ 'ಸ್ಸ್' ಒಂದೇ ಆಗುವ ತನಕ ಸ್ಕ್ರೂ ತಿರುಗಿಸಬೇಕು. ಮುಂದಿನದ್ದು ಜಾಸ್ತಿ ಉಸಿರೆಳೆಯುತ್ತಿತ್ತು, ಅಂದರೆ ಮುಂದಿನ ಮೂರು ಸಿಲಿಂಡರ್ ದುಡಿಯುತ್ತಿದ್ದವು, ಹಿಂದಿನ ಮೂರು ಸುಮ್ನೆ ಜೊತೆಗೆ ಬರುತ್ತಿದ್ದವು. ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಒಮ್ಮೆಲೇ ಏರದಂತೆ ತಡೆಯುವ ಡ್ಯಾಂಪರ್‌ಗಳಲ್ಲಿ ಎಣ್ಣೆಯೂ ಇರಲಿಲ್ಲ. ಗ್ಯಾಸ್ ಪೆಡಲ್ ಒತ್ತಿದಾಗ ಕೆಮ್ಮುತ್ತಿದ್ದದ್ದು ಅದಕ್ಕೇ! ಎಣ್ಣೆ ಹಾಕಿ, ಒಂದು ಗಂಟೆ ಕಿವಿಗೆ ಕೆಲಸ ಕೊಟ್ಟೆ. ಈಗ ದಿಬ್ಬದಲ್ಲಿ ನಾಲ್ಕನೇ ಗೇರ್ ಇಳಿಸದೆ ಹತ್ತುತ್ತದೆ.

ಅಟ್ಟದ ಮೇಲೆ ಮೂರು ವೆಬರ್ ಕಾರ್ಬ್ಯುರೇಟರ್‌ಗಳ ಡಬ್ಬ ಇನ್ನೂ ಒಡೆಯದೇ ಇದೆ. ಅವು ಯಾಕಿವೆ ಅಂತ ಹೆಂಡತಿ ಕೇಳಿದಾಗಲೆಲ್ಲ ಬೇರೆ ಮಾತು ಎತ್ತುತ್ತೇನೆ.