ಚಾರಿತ್ರಿಕ ಸೈನಿಕರ ಕಿರುಪ್ರತಿಮೆ: ರೂಪಿಸುವ ಮತ್ತು ಬಣ್ಣ ಹಚ್ಚುವ ಕ್ರಮ

ಯಾವ ಸೇನೆಯ, ಯಾವ ವರ್ಷದ ಸೈನಿಕ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. 1812ರ ನಿಯಮಾವಳಿಯು ಫ್ರೆಂಚ್ ಪದಾತಿಯ ಕೋಟಿನ ಹಿಂಬದಿಯನ್ನು ಮೊಟಕುಗೊಳಿಸಿ, ಮುಂಭಾಗವನ್ನು ಸೊಂಟದವರೆಗೆ ಮುಚ್ಚಿಸಿದ್ದರಿಂದ, 1809ರ ಸೈನಿಕನಿಗೆ ಆ ಉಡುಪು ತೊಡಿಸಿದರೆ ಇಡೀ ಶ್ರಮ ವ್ಯರ್ಥ. ಆರಂಭಿಕರಿಗೆ 54 ಮಿ.ಮೀ. ಎತ್ತರದ ಅಳತೆ ಅನುಕೂಲಕರ, 28 ಮಿ.ಮೀ. ಪ್ರತಿಮೆಯ ಮುಖ ಪಳಗಿದ ಕೈಯನ್ನೂ ಸತಾಯಿಸುತ್ತದೆ.

ತಂತಿಯ ಹಂದರ ಕಟ್ಟುವಾಗಲೇ ಭಂಗಿಯನ್ನು ಸರಿಪಡಿಸಿ: ಭಾರ ಹೊತ್ತ ಕಾಲಿನ ಕಡೆ ಸೊಂಟ ತುಸು ಏರಿ, ಅದೇ ಕಡೆಯ ಭುಜ ಇಳಿದಿರಬೇಕು. ಕೈಗವಸು ತೊಟ್ಟು ಎಪಾಕ್ಸಿ ಪುಟ್ಟಿಯ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಕಣಕದಂಥ ವಸ್ತು) ಎರಡೂ ಭಾಗಗಳನ್ನು ಬಣ್ಣ ಒಂದಾಗುವವರೆಗೆ ನಾದಿ, ಮೊದಲು ಬರಿಮೈಯನ್ನು ಮೂಡಿಸಿ. ಅದು ಪೂರ್ತಿ ಗಟ್ಟಿಯಾದ ಮೇಲಷ್ಟೇ ಉಡುಪು. ಉಪಕರಣದ ತುದಿ ಒದ್ದೆಯಾಗಿದ್ದರೆ ಪುಟ್ಟಿ ಅಂಟುವುದಿಲ್ಲ. ಮಡಚಿದ ಮೊಣಕೈಯ ಒಳಬದಿಯಿಂದ ನೆರಿಗೆಗಳು ಹೊರಕ್ಕೆ ಹರಡಲಿ. ಗಟ್ಟಿಯಾದ ಪುಟ್ಟಿಯನ್ನು ಉಜ್ಜಿ ನಯಗೊಳಿಸುವಾಗ ಮುಖಗವಸು ಕಡ್ಡಾಯ.

ಬಣ್ಣ ಹಿಡಿಯಲು ಮೊದಲು ಬಳಿಯುವ ಪ್ರೈಮರ್ ಒಣಗಿದ ನಂತರ, ತೆಳುವಾಗಿಸಿದ ಅಕ್ರಿಲಿಕ್ ಬಣ್ಣವನ್ನು ಪದರ ಪದರವಾಗಿ ಹಚ್ಚಿ. ಮುಖದಿಂದಲೇ ಆರಂಭಿಸುವುದು ಲೇಸು, ಏಕೆಂದರೆ ಅದು ಕೆಟ್ಟರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ. ಕಣ್ಣಿಗೆ ಅಚ್ಚ ಬಿಳಿಯ ಬದಲು ಮಾಸಲು ಬಿಳಿ ಬಳಸಿ, ಪಾಪೆಯ ಮೇಲಂಚು ರೆಪ್ಪೆಯೊಳಗೆ ಅಡಗುವಂತೆ ಚುಕ್ಕಿಯಿಟ್ಟು, ಮೇಲ್ರೆಪ್ಪೆಗೆ ಗಾಢ ಕಂದು ಗೆರೆ ಎಳೆಯಿರಿ. ಪಾಪೆ ಇಡಿಯಾಗಿ ಕಂಡರೆ ಸೈನಿಕ ಬೆಚ್ಚಿಬಿದ್ದಂತೆ ತೋರುತ್ತಾನೆ. ಕಪ್ಪು ಷಾಕೋ ಟೋಪಿಗೂ (ಸೈನಿಕರ ಎತ್ತರದ, ಕೊಳವೆಯಾಕಾರದ ಟೋಪಿ) ಗಾಢ ಬೂದು ಬೆರೆಸಿದ ಕಪ್ಪೇ ಒಪ್ಪುತ್ತದೆ. ಬಣ್ಣ ಕಾಯಲು ಮೇಲೆ ಬಳಿಯುವ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಳಪನ್ನು ನುಂಗುವುದರಿಂದ, ಗುಂಡಿ ಮತ್ತು ಬಯೊನೆಟ್‌ಗಳಿಗೆ (ಬಂದೂಕಿನ ತುದಿಯ ಚೂರಿ) ಲೋಹದ ಬಣ್ಣವನ್ನು ಅದರ ನಂತರವೇ ಹಚ್ಚಿ.